ಸ್ಟಾರ್ ವಾರ್ಸ್: ಪರದೆಯ ಪದ್ಯ, ಪುಸ್ತಕದ ಅರ್ಥ

ತಾಳಮದ್ದಳೆ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾಗವತರು ಹಾಡುವ ಪದ್ಯ ನಾಲ್ಕೇ ಸಾಲಿನದು. ಅರ್ಥಧಾರಿ ಅದನ್ನು ಎತ್ತಿಕೊಂಡು ಅರ್ಧ ಗಂಟೆ ಮಾತನಾಡುತ್ತಾರೆ. ಬಲ್ಲವರು ಪದ್ಯದೊಳಗೇ ಇದ್ದು ನಮ್ಮ ಕಣ್ಣಿಗೆ ಬೀಳದಿದ್ದುದನ್ನು ತೋರಿಸುತ್ತಾರೆ, ಸಾಧಾರಣದವರು ಪದ್ಯ ಹೇಳಿದ್ದನ್ನೇ ಎಳೆದು ಎಳೆದು ಹೇಳುತ್ತಾರೆ. ಸ್ಟಾರ್ ವಾರ್ಸ್ ಎಂಬ ಅಮೆರಿಕದ ಬಾಹ್ಯಾಕಾಶ ಸಾಹಸದ ಸಿನಿಮಾಗಳ ಬೆನ್ನಿಗೆ ಬಂದ ಕಾದಂಬರಿಗಳನ್ನೂ ಕಾಮಿಕ್ಸ್‌ಗಳನ್ನೂ ಹಲವು ವರ್ಷಗಳಿಂದ ಕೊಂಡು ಓದುತ್ತಿರುವ ನಾನು ಅವುಗಳನ್ನು ಅಳೆಯುವುದು ಈ ಒಂದೇ ಕೋಲಿನಿಂದ. ಈ ಅಳತೆಯಲ್ಲಿ ಬಹಳಷ್ಟು ಪುಸ್ತಕಗಳು ಬಿದ್ದುಹೋಗುತ್ತವೆ. ಉಳಿದವುಗಳಲ್ಲಿ ಕೆಲವು ಮಾತ್ರ ತಾವು ಹುಟ್ಟಿದ ಸಿನಿಮಾಕ್ಕಿಂತಲೂ ಎತ್ತರದಲ್ಲಿ ನಿಲ್ಲುತ್ತವೆ.

ಮೊದಲು ಒಂದು ನೋಟದ ವಿಚಾರ. 2005ರ ‘ರಿವೆಂಜ್ ಆಫ್ ದಿ ಸಿತ್’ ಚಿತ್ರದ ಆರಂಭದಲ್ಲಿ ಮುಂದೆ ಡಾರ್ತ್ ವೇಡರ್ ಎಂಬ ಖಳನಾಗಲಿರುವ ಅನಕಿನ್ ಸ್ಕೈವಾಕರ್, ಎದುರಾಳಿ ಕೌಂಟ್ ಡೂಕುವಿನ ಎರಡೂ ಕೈಗಳನ್ನು ಕಡಿದು, ಎರಡು ಲೈಟ್‌ಸೇಬರ್‌ಗಳನ್ನು (ಬೆಳಕಿನ ಕತ್ತಿಗಳನ್ನು) ಕತ್ತರಿಯಂತೆ ಅವನ ಕುತ್ತಿಗೆಗೆ ಹಿಡಿದು ನಿಂತಿರುತ್ತಾನೆ. ಕುರ್ಚಿಯಲ್ಲಿ ಸೆರೆಯಾಳಾಗಿ ಕುಳಿತಿರುವ, ಡೂಕುವಿನ ಗುಪ್ತ ಒಡೆಯನೂ ಮುಂದಿನ ಸಾಮ್ರಾಟನೂ ಆದ ಪ್ಯಾಲ್ಪಟೀನ್ ‘ಕೊಲ್ಲು’ ಎನ್ನುತ್ತಾನೆ. ಆ ಮಾತಿಗೆ ಡೂಕು ಪಾತ್ರದ ಕ್ರಿಸ್ಟೋಫರ್ ಲೀ ಬೆಚ್ಚಿ ಪ್ಯಾಲ್ಪಟೀನನತ್ತ ಹೊರಳಿಸುವ ನೋಟ ರೆಪ್ಪೆ ಬಡಿಯುವಷ್ಟರಲ್ಲಿ ಮುಗಿದುಹೋಗುತ್ತದೆ. ಮ್ಯಾಥ್ಯೂ ಸ್ಟೋವರ್ ಈ ಚಿತ್ರವನ್ನು ಕಾದಂಬರಿಯಾಗಿಸುವಾಗ ಆ ನೋಟವನ್ನು ಹಿಡಿದುಕೊಂಡರು. ಕಾಳಗದ ಬಹುಭಾಗವನ್ನು ಅವರು ಡೂಕುವಿನ ಮನಸ್ಸಿನೊಳಗೆ ಕುಳಿತು ಬರೆದಿದ್ದಾರೆ: ಇದೆಲ್ಲ ಮೊದಲೇ ಗೊತ್ತುಮಾಡಿಕೊಂಡ ನಾಟಕ, ತಾನು ಅದರ ಮುಖ್ಯ ಪಾತ್ರಧಾರಿ ಎಂದು ನಂಬಿ ಠೀವಿಯಿಂದ ಕತ್ತಿ ಬೀಸುವ ಮುದುಕ, ತಾನು ಬೇರೊಬ್ಬನ ಪಟ್ಟಕ್ಕೆ ಹಾಸಿದ ಮೆಟ್ಟಿಲು ಮಾತ್ರ ಎಂಬುದನ್ನು ಕೊನೆಯ ಕ್ಷಣದಲ್ಲಿ ತಿಳಿಯುತ್ತಾನೆ. ಸಿನಿಮಾದಲ್ಲಿ ಖಳನೊಬ್ಬನ ತಲೆ ಉರುಳಿದರೆ ನಮಗೆ ಏನೂ ಅನ್ನಿಸುವುದಿಲ್ಲ. ಪುಸ್ತಕದಲ್ಲಿ ಆ ತಲೆ ಉರುಳಿದಾಗ ಓದುವುದನ್ನು ನಿಲ್ಲಿಸಬೇಕಾಗುತ್ತದೆ. ಅನಕಿನ್‌ನ ಪತನದ ಪುಟಗಳಲ್ಲಿ ಓದುಗನನ್ನೇ ‘ನೀನು’ ಎಂದು ಕರೆದು, ಅವನಾಗಿರುವುದು ಹೇಗಿರುತ್ತದೆ ಎಂದು ವರ್ತಮಾನ ಕಾಲದಲ್ಲಿ ಹೇಳುವ ಕ್ರಮವೂ ಚಮತ್ಕಾರಕ್ಕೆ ಬಂದದ್ದಲ್ಲ. ತೆರೆಯ ಮೇಲೆ ಸಿಡುಕು ಹುಡುಗನಂತೆ ಕಂಡವನ ಭಯ ಎಂಥದೆಂದು ನನಗೆ ತಿಳಿದದ್ದು ಅಲ್ಲಿಯೇ.

ಆದರೂ ಒಂದೇ ಪುಸ್ತಕ ಕೊಳ್ಳುವವರಿದ್ದರೆ ನಾನು ಹೇಳುವ ಹೆಸರು ಸ್ಟೋವರ್ ಅವರದಲ್ಲ, ಟಿಮೊಥಿ ಜಾನ್ ಅವರದು. 1983ರ ಮೂರನೆಯ ಚಿತ್ರದ ನಂತರ ತೆರೆ ಖಾಲಿಯಾಗಿತ್ತು; ಮಾರ್ವೆಲ್‌ನ ಮಾಸಿಕ ಕಾಮಿಕ್ಸ್ ಕೂಡ 107 ಸಂಚಿಕೆಗಳ ನಂತರ 1986ರಲ್ಲಿ ನಿಂತಿತ್ತು. ಅಂಥ ಹೊತ್ತಿನಲ್ಲಿ, 1991ರಲ್ಲಿ ಬಂದ ‘ಏರ್ ಟು ದಿ ಎಂಪೈರ್’ ನ್ಯೂಯಾರ್ಕ್ ಟೈಮ್ಸ್‌ನ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 1992ರಲ್ಲಿ ‘ಡಾರ್ಕ್ ಫೋರ್ಸ್ ರೈಸಿಂಗ್’, 1993ರಲ್ಲಿ ‘ದಿ ಲಾಸ್ಟ್ ಕಮಾಂಡ್’ ಬಂದು ಮೂರು ಸಂಪುಟಗಳಾದವು. ಸಾಮ್ರಾಟ ಸತ್ತು ಐದು ವರ್ಷವಾಗಿದೆ, ಗೆದ್ದವರು ಸರ್ಕಾರ ನಡೆಸಲು ಒದ್ದಾಡುತ್ತಿದ್ದಾರೆ, ಅಳಿದುಳಿದ ಸಾಮ್ರಾಜ್ಯಕ್ಕೆ ಥ್ರಾನ್ ಎಂಬ ಹೊಸ ದಂಡನಾಯಕ ಸಿಕ್ಕಿದ್ದಾನೆ. ನೀಲಿ ಚರ್ಮ, ಕೆಂಪು ಕಣ್ಣು, ಬಿಳಿ ಸಮವಸ್ತ್ರದ ಈ ಅಡ್ಮಿರಲ್‌ಗೆ ಫೋರ್ಸ್ ಎಂಬ ಅತೀಂದ್ರಿಯ ಶಕ್ತಿಯಿಲ್ಲ, ಅಬ್ಬರವಿಲ್ಲ. ವೇಡರ್‌ನ ಹಾಗೆ ಅಧಿಕಾರಿಗಳ ಕತ್ತು ಹಿಸುಕುವ ಚಟವೂ ಇಲ್ಲ. ಶತ್ರುಕುಲದ ಶಿಲ್ಪ ಮತ್ತು ಚಿತ್ರಗಳನ್ನು ತನ್ನ ಕೋಣೆಯಲ್ಲಿ ಬೆಳಕಿನ ಬಿಂಬಗಳಾಗಿ ತರಿಸಿಕೊಂಡು, ಅವರು ಯಾವುದನ್ನು ನೋಡಲಾರರು ಎಂದು ಲೆಕ್ಕ ಹಾಕುವುದು ಅವನ ಯುದ್ಧಕ್ರಮ.

ಮೊದಲ ಅಧ್ಯಾಯದಲ್ಲೇ ಇದು ಕಣ್ಣೆದುರು ನಡೆಯುತ್ತದೆ. ಶತ್ರುನೌಕೆಗಳು ಬಂದೆರಗಿವೆ, ನೌಕಾಧಿಪತಿ ಪೆಲಿಯಾನ್ ಗಾಬರಿಯಲ್ಲಿದ್ದಾನೆ; ಥ್ರಾನ್ ಮಾತ್ರ ಆ ನೌಕೆಗಳು ನಿಂತ ರೀತಿಯನ್ನು ನೋಡಿ, ಇವುಗಳ ಮುಖ್ಯಸ್ಥ ಎಲೋಮಿನ್ ಜಾತಿಯವನಿರಬೇಕು, ಕ್ರಮ ತಪ್ಪಿದ ದಾಳಿಯನ್ನು ಎದುರಿಸುವುದು ಅವರ ಬುದ್ಧಿಗೆ ಆಗದು ಎಂದು ಹೇಳಿ ಅಂಥದೇ ದಾಳಿ ಮಾಡಿಸುತ್ತಾನೆ. ನನ್ನ ಆಕ್ಷೇಪವೂ ಇಲ್ಲಿಂದಲೇ ಶುರುವಾಗುತ್ತದೆ. ಜಾನ್ ಅವರು ತೀರ್ಮಾನವನ್ನು ಹೇಳುತ್ತಾರೆ, ಆ ಕಲೆಯನ್ನು ನಮಗೆ ತೋರಿಸುವುದಿಲ್ಲ. ಯಾವ ಗೆರೆ, ಯಾವ ಬಣ್ಣ ನೋಡಿ ಹಾಗೆಂದುಕೊಂಡ ಎಂಬುದು ಅವನಿಗೇ ಗೊತ್ತು. ಪತ್ತೇದಾರಿ ಕಾದಂಬರಿಯಲ್ಲಿ ಸುಳಿವನ್ನು ಬಚ್ಚಿಟ್ಟು ಕೊನೆಗೆ ಹೆಸರು ಹೇಳುವ ಜಾಣತನ ಇದು. ಅಲ್ಲದೆ ಪಾತ್ರಗಳು ಹತ್ತಾರು ಪುಟಗಳಿಗೊಮ್ಮೆ ಹಳೆಯ ಚಿತ್ರಗಳ ಪ್ರಸಂಗಗಳನ್ನು ನೆನೆಯುತ್ತವೆ, ಓದುಗನಿಗೆ ಮರೆವಿನ ರೋಗವಿದೆಯೇನೋ ಎಂಬ ಹಾಗೆ. ತಲೆಕೆಟ್ಟ ಜೆಡೈ (ಫೋರ್ಸ್ ಬಲ್ಲ ಯೋಧ) ಸಿಬಾಥ್ ಬಂದಾಗಲೆಲ್ಲ ಕಥೆಯ ಕಾಲಿಗೆ ಹಗ್ಗ ಬೀಳುತ್ತದೆ. ಮೊದಲ ಮೂರು ಚಿತ್ರಗಳ ನಾಯಕ, ವೇಡರ್‌ನ ಮಗ ಲ್ಯೂಕ್ ಸ್ಕೈವಾಕರ್ ರಾತ್ರಿ ಎದ್ದು ಬಿಸಿ ಚಾಕೊಲೇಟ್ ಕುಡಿಯುವುದನ್ನು ಅಭಿಮಾನಿಗಳು ಇಂದಿಗೂ ಹಾಸ್ಯ ಮಾಡುತ್ತಾರೆ. ನನಗೆ ಅದು ಇಷ್ಟ. ದೂರದ ಗೆಲಾಕ್ಸಿಯಲ್ಲೂ ನಿದ್ದೆ ಬಾರದವನಿಗೆ ಬೆಚ್ಚಗೆ ಏನಾದರೂ ಬೇಕಲ್ಲವೇ?

ಈ ಮೂರು ಸಂಪುಟಗಳ ಸತ್ವವಿರುವುದು ಎರಡು ಎಡೆಗಳಲ್ಲಿ. ಒಂದು, ಮಿರ್ಕರ್ ಎಂಬ ಗ್ರಹದ ಕಾಡು. ಅಲ್ಲಿನ ಮರಗಳಿಗೆ ಅಂಟಿಕೊಂಡಿರುವ ಇಸಲಮೀರಿ ಎಂಬ ಪ್ರಾಣಿಗಳ ಸುತ್ತ ಫೋರ್ಸ್ ಕೆಲಸ ಮಾಡುವುದಿಲ್ಲ. ಲ್ಯೂಕ್‌ನನ್ನು ಕೊಂದೇ ತೀರುತ್ತೇನೆಂದು ಹಟ ತೊಟ್ಟಿರುವ ಮಾರಾ ಜೇಡ್, ಶಕ್ತಿಯೆಲ್ಲ ಕಳೆದುಕೊಂಡ ಲ್ಯೂಕ್, ಜೊತೆಗೆ ಆರ್2 ಎಂಬ ರೋಬೋಟ್ – ಈ ಮೂವರು ಆ ಕಾಡಿನಲ್ಲಿ ನಡೆದು ಹೊರಬರಬೇಕು. ಕೈ ಚಾಚಿದರೆ ಆಯುಧ ಹಾರಿ ಬರುತ್ತಿದ್ದವನು ಈಗ ಬಗ್ಗಿ ಎತ್ತಿಕೊಳ್ಳಬೇಕು. ಮೂರು ಚಿತ್ರಗಳ ಉದ್ದಕ್ಕೂ ಶಕ್ತಿಯನ್ನು ಗಳಿಸಿದ ನಾಯಕನಿಂದ ಅದನ್ನು ಕಿತ್ತುಕೊಂಡು, ಉಳಿದವನು ಎಂಥವನೆಂದು ನೋಡುವ ಧೈರ್ಯ ಆವರೆಗೆ ಯಾವ ಚಿತ್ರವೂ ಮಾಡಿರಲಿಲ್ಲ.

ಇನ್ನೊಂದು, ಲ್ಯೂಕ್‌ನ ತಂಗಿ ಲೇಯಾಳ ಕಥೆ. ವೇಡರ್ ತನ್ನ ತಂದೆ ಎಂಬ ಸುದ್ದಿ 1983ರ ಚಿತ್ರದಲ್ಲಿ ಅವಳಿಗೆ ತಲುಪುತ್ತದೆ, ಮತ್ತು ಅಷ್ಟಕ್ಕೇ ನಿಲ್ಲುತ್ತದೆ. ತನ್ನನ್ನು ಹಿಂಸಿಸಿದವನ, ಕಣ್ಣೆದುರೇ ತನ್ನ ಗ್ರಹ ಸುಟ್ಟುಹೋಗುವಾಗ ಹೆಗಲು ಹಿಡಿದು ನಿಲ್ಲಿಸಿದವನ ಮಗಳು ತಾನು ಎಂಬುದನ್ನು ಅರಗಿಸಿಕೊಳ್ಳಲು ಸಿನಿಮಾ ಅವಳಿಗೆ ಸಮಯವನ್ನೇ ಕೊಡಲಿಲ್ಲ. ಜಾನ್ ಅವರ ಎರಡನೆಯ ಸಂಪುಟದಲ್ಲಿ ಲೇಯಾ ನೋಗ್ರಿ ಎಂಬ ಕುಲದವರ ನಾಡಿಗೆ ಹೋಗುತ್ತಾಳೆ. ಸಾಮ್ರಾಜ್ಯಕ್ಕಾಗಿ ಕೊಲೆ ಮಾಡುವ ಆ ಜನ, ಮೈಯ ವಾಸನೆಯಿಂದಲೇ ಅವಳು ವೇಡರ್‌ನ ಮಗಳೆಂದು ಗುರುತಿಸಿ ತಲೆಬಾಗುತ್ತಾರೆ. ಯುದ್ಧದಲ್ಲಿ ವಿಷಗೊಂಡ ತಮ್ಮ ನೆಲವನ್ನು ಶುದ್ಧಮಾಡಲು ವೇಡರ್ ಯಂತ್ರಗಳನ್ನು ಕೊಟ್ಟ ಉಪಕಾರಿ ಎಂಬುದು ಅವರ ನಂಬಿಕೆ. ಆ ಯಂತ್ರಗಳೇ ನೆಲವನ್ನು ಬಂಜರಾಗಿ ಉಳಿಸಿ ಅವರನ್ನು ಸಾಲದ ಜೀತದಲ್ಲಿಟ್ಟಿವೆ ಎಂಬುದನ್ನು ಲೇಯಾ ಕಂಡುಹಿಡಿದು ಹೇಳುತ್ತಾಳೆ. ಅವಳಿಗೆ ನಾಚಿಕೆಯಾಗಿದ್ದ ಹುಟ್ಟೇ ಒಂದು ಕುಲದ ಬಿಡುಗಡೆಯ ಬೀಗದಕೈ ಆಗುತ್ತದೆ. ಥ್ರಾನ್‌ನ ಬೆನ್ನ ಹಿಂದೆ ಸದಾ ನಿಲ್ಲುವ ಅಂಗರಕ್ಷಕ ರುಖ್ ಕೂಡ ನೋಗ್ರಿಯೇ ಎಂಬುದನ್ನು ಓದುಗ ಮೊದಲ ಸಂಪುಟದಿಂದಲೂ ಬಲ್ಲ. ಹೀಗಾಗಿ ಕೊನೆಯಲ್ಲಿ ಆ ಬಿಳಿ ಸಮವಸ್ತ್ರದ ಮೇಲೆ ರಕ್ತದ ಕಲೆ ಹರಡುವಾಗ ಅದು ಹೊರಗಿನಿಂದ ಬಂದ ಆಕಸ್ಮಿಕವಾಗುವುದಿಲ್ಲ. ಲೋಕದ ಕಲೆಯನ್ನೆಲ್ಲ ಓದಿದವನು ಬೆನ್ನ ಹಿಂದೆ ನಿಂತವನ ಮನಸ್ಸನ್ನು ಓದಲಿಲ್ಲ. (ಮೂವತ್ತು ವರ್ಷ ದಾಟಿದ ಪುಸ್ತಕದ ಗುಟ್ಟನ್ನು ಹೊರಹಾಕಿದ್ದಕ್ಕೆ ಕ್ಷಮೆ ಕೇಳುವುದಿಲ್ಲ.)

ಸಿನಿಮಾಕ್ಕೆ ತನ್ನ ಕಥೆಯೇ ಪೂರ್ತಿ ಗೊತ್ತಿಲ್ಲದ ಕಾಲದ ಪುಸ್ತಕಗಳ ರುಚಿ ಬೇರೆ. ಮೊದಲ ಚಿತ್ರ ಬಿಡುಗಡೆಯಾದದ್ದು 1977ರ ಮೇ 25ರಂದು. ಅದರ ಕಾದಂಬರಿ ಅದಕ್ಕೂ ಮೊದಲೇ, 1976ರ ಕೊನೆಯಲ್ಲಿ ಅಂಗಡಿಗೆ ಬಂದಿತ್ತು. ಮುಖಪುಟದಲ್ಲಿ ಚಿತ್ರದ ನಿರ್ದೇಶಕ ಜಾರ್ಜ್ ಲೂಕಾಸ್ ಹೆಸರು, ಬರೆದವರು ಅಲನ್ ಡೀನ್ ಫಾಸ್ಟರ್. ಸಿನಿಮಾದಲ್ಲಿ ಕೆಂಪು ತುಕಡಿಯಲ್ಲಿ ಹಾರುವ ಲ್ಯೂಕ್ ಇಲ್ಲಿ ನೀಲಿ ತುಕಡಿಯವನು. ಅದೇ ಫಾಸ್ಟರ್ 1978ರಲ್ಲಿ ಬರೆದ ‘ಸ್ಪ್ಲಿಂಟರ್ ಆಫ್ ದಿ ಮೈಂಡ್ಸ್ ಐ’, ಮೊದಲ ಚಿತ್ರ ಹೆಚ್ಚು ಗಳಿಸದಿದ್ದರೆ ಕಡಿಮೆ ಖರ್ಚಿನಲ್ಲಿ ಎರಡನೆಯದನ್ನು ತೆಗೆಯಲು ಆಗುವಂತೆ ಹೊಸೆದ ಕಥೆ. ಅದಕ್ಕೇ ಅದು ಮಂಜು ಮುಸುಕಿದ ಗ್ರಹದಲ್ಲಿ ನಡೆಯುತ್ತದೆ. ಮಂಜಿದ್ದರೆ ಸೆಟ್ಟಿನ ಖರ್ಚಿಲ್ಲ. ಹ್ಯಾರಿಸನ್ ಫೋರ್ಡ್ ಮುಂದಿನ ಚಿತ್ರಕ್ಕೆ ಒಪ್ಪಂದ ಮಾಡಿಕೊಂಡಿರಲಿಲ್ಲವಾದ್ದರಿಂದ ಅವರು ಮಾಡಿದ ಹಾನ್ ಸೋಲೋ ಪಾತ್ರ ಇಲ್ಲವೇ ಇಲ್ಲ. ಲ್ಯೂಕ್ ಮತ್ತು ಲೇಯಾ ಅಣ್ಣ-ತಂಗಿ ಎಂದು ಯಾರಿಗೂ ತಿಳಿಯದ ಕಾಲವಾದುದರಿಂದ ಅವರಿಬ್ಬರ ನಡುವಿನ ಸೆಳೆತವನ್ನು ಇಂದು ಓದುವುದು ಮುಜುಗರದ ಕೆಲಸ. ಅದೇ ಕಾಲದ ಮಾರ್ವೆಲ್ ಕಾಮಿಕ್ಸ್‌ನಲ್ಲಿ, ಸಿನಿಮಾದಲ್ಲಿ ದೈತ್ಯ ಹುಳುವಿನಂತಿರುವ ಜಬ್ಬಾ ಎರಡು ಕಾಲಿನ ಮೇಲೆ ನಡೆಯುವ ಹಳದಿ ಪ್ರಾಣಿ, ಹಾನ್‌ಗೆ ಜಾಕ್ಸನ್ ಎಂಬ ಹಸಿರು ಮೊಲವೊಂದು ಜೊತೆಗಾರ. ಇವೆಲ್ಲ ಶ್ರೇಷ್ಠ ಎಂದು ನಾನು ಹೇಳುವುದಿಲ್ಲ, ಆದರೆ ಯಾರ ಅಪ್ಪಣೆಗೂ ಕಾಯದ ಈ ಸಲಿಗೆ ಆಮೇಲಿನವರಿಗೆ ಸಿಗಲಿಲ್ಲ.

ಡಾರ್ಕ್ ಹಾರ್ಸ್ ಪ್ರಕಟಿಸಿದ ‘ಡಾರ್ಕ್ ಎಂಪೈರ್’ (1991–92) ಕಾಮಿಕ್ಸ್ ಬಗ್ಗೆ ನನಗೆ ಎರಡು ಮನಸ್ಸು. ಟಾಮ್ ವೀಚ್ ಬರೆದ ಕಥೆಯಲ್ಲಿ ಸತ್ತ ಸಾಮ್ರಾಟ ತದ್ರೂಪಿ ದೇಹದಲ್ಲಿ ಮರಳಿ ಬರುತ್ತಾನೆ. ಅಲ್ಲಿಗೆ ವೇಡರ್ ತನ್ನ ಪ್ರಾಣ ಕೊಟ್ಟು ಅವನನ್ನು ಕೊಂದದ್ದು ನೀರಿನಲ್ಲಿ ಹೋಮ ಮಾಡಿದಂತಾಯಿತು. ಆದರೆ ಕ್ಯಾಮ್ ಕೆನಡಿಯವರ ಚಿತ್ರಗಳು! ಇಡೀ ಪುಟ ಒಮ್ಮೆ ಹಸಿರು, ಒಮ್ಮೆ ನೀಲಿ, ಜ್ವರದ ಕನಸಿನ ಹಾಗೆ; ನೌಕೆಗಳು ಹೊಸದಾಗಿ ಹೊಳೆಯುವುದಿಲ್ಲ, ತುಕ್ಕು ಹಿಡಿದು ಜಜ್ಜಿಹೋಗಿವೆ. ಕಥೆಯನ್ನು ಮರೆತು ಚಿತ್ರಗಳಿಗಾಗಿ ಮಾತ್ರ ನಾನು ಇದನ್ನು ಮತ್ತೆ ಮತ್ತೆ ತೆರೆಯುತ್ತೇನೆ. 2019ರ ‘ದಿ ರೈಸ್ ಆಫ್ ಸ್ಕೈವಾಕರ್’ ಅದೇ ಉಪಾಯವನ್ನು ತೆರೆಗೆ ತಂದು, ಸಾಮ್ರಾಟ ಹೇಗೋ ಮರಳಿದ ಎಂದು ಒಬ್ಬ ಪಾತ್ರದ ಬಾಯಲ್ಲಿ ಹೇಳಿಸಿ ಕೈ ತೊಳೆದುಕೊಂಡಿತು. ಹೇಗೆ ಮರಳಿದ ಎಂಬುದರ ವಿವರಣೆಗೆ ರೇ ಕಾರ್ಸನ್ ಬರೆದ ಕಾದಂಬರಿಯನ್ನು ಓದಬೇಕಾಯಿತು. ಪದ್ಯ ಬರೆಯುವವನೇ ಅರ್ಧಕ್ಕೆ ಎದ್ದುಹೋಗಿ, ಉಳಿದದ್ದನ್ನು ಅರ್ಥಧಾರಿ ಹೇಳಿಕೊಳ್ಳಲಿ ಎಂದರೆ ಅದು ಪ್ರಸಂಗವಾಗುವುದಿಲ್ಲ. ಟಿಕೆಟ್ ಕೊಂಡು ಕುಳಿತ ಪ್ರೇಕ್ಷಕನಿಗೆ ಇದು ಅನ್ಯಾಯ ಎಂಬುದೇ ನನ್ನ ಅಭಿಪ್ರಾಯ.

2015ರಲ್ಲಿ ಮಾರ್ವೆಲ್ ಮತ್ತೆ ಆರಂಭಿಸಿದ ಕಾಮಿಕ್ಸ್‌ಗಳಲ್ಲಿ ಜೇಸನ್ ಏರನ್ ಅವರ ‘ಸ್ಟಾರ್ ವಾರ್ಸ್’ ಮತ್ತು ಕೀರನ್ ಗಿಲೆನ್ ಅವರ ‘ಡಾರ್ತ್ ವೇಡರ್’ ಒಂದನ್ನೊಂದು ಹಿಡಿದುಕೊಂಡು ನಡೆಯುತ್ತವೆ. ಡೆತ್ ಸ್ಟಾರ್ ಎಂಬ ಯುದ್ಧನೆಲೆಯನ್ನು ಒಡೆದ ಹುಡುಗನ ಹೆಸರನ್ನು ವೇಡರ್ ಹೇಗೆ ತಿಳಿದ? ಚಿತ್ರಗಳು ಈ ಪ್ರಶ್ನೆಯನ್ನು ದಾಟಿ ಹೋಗಿದ್ದವು. ಇಲ್ಲಿ ಬಾಡಿಗೆ ಬೇಟೆಗಾರ ಬೋಬಾ ಫೆಟ್ ಬಂದು ಒಂದೇ ಹೆಸರು ಹೇಳುತ್ತಾನೆ: ಸ್ಕೈವಾಕರ್. ವೇಡರ್ ಮಾತನಾಡುವುದಿಲ್ಲ, ಮುಖವಾಡ ಬದಲಾಗುವುದಿಲ್ಲ. ಅವನೆದುರಿನ ನೌಕೆಯ ಕಿಟಕಿಯ ಗಾಜು ಬಿರುಕುಬಿಡುತ್ತದೆ. ಎದುರಾಳಿ ತನ್ನ ಕರುಳಿನ ಕುಡಿ ಎಂದು ತಿಳಿಯುವ ಕ್ಷಣ ನಮಗೆ ಹೊಸದಲ್ಲ. ಸ್ಟಾರ್ ವಾರ್ಸ್ ಬಂದ 1977ರಲ್ಲೇ ರಾಜ್‌ಕುಮಾರ್ ಅವರು ಅರ್ಜುನನೂ ಬಭ್ರುವಾಹನನೂ ಆಗಿ ತಮ್ಮ ಎದುರು ತಾವೇ ನಿಂತಿದ್ದರು. ಅಲ್ಲಿ ಮಾತಿನ ಮಹಾಪೂರ, ಇಲ್ಲಿ ಒಂದು ಗಾಜಿನ ಬಿರುಕು. ಎರಡನ್ನೂ ಮೆಚ್ಚುವುದಕ್ಕೆ ನನಗೆ ಯಾವ ಕಷ್ಟವೂ ಆಗಿಲ್ಲ.

ಕೊಳ್ಳುವವರಿಗೆ ಒಂದೆರಡು ಮಾತು. 2012ರಲ್ಲಿ ಡಿಸ್ನಿ ಲೂಕಾಸ್‌ಫಿಲ್ಮ್ ಅನ್ನು ಕೊಂಡ ನಂತರ, 2014ರ ಏಪ್ರಿಲ್‌ನಲ್ಲಿ ಹಳೆಯ ಕಾದಂಬರಿ ಮತ್ತು ಕಾಮಿಕ್ಸ್‌ಗಳನ್ನೆಲ್ಲ ‘ಲೆಜೆಂಡ್ಸ್’ ಎಂದು ಕರೆದು ಅಧಿಕೃತ ಕಥೆಯಿಂದ ಹೊರಗಿಡಲಾಯಿತು. 1999ರ ‘ವೆಕ್ಟರ್ ಪ್ರೈಮ್’ನಲ್ಲಿ ಚಂದ್ರನೊಂದು ಕುಸಿದು ಸತ್ತ, ಹಾನ್‌ನ ಜೊತೆಗಾರ ಚೂಬಾಕ್ಕನಿಗೆ ಕಣ್ಣೀರು ಹಾಕಿದವರು 2015ರ ಚಿತ್ರದಲ್ಲಿ ಅವನನ್ನು ಜೀವಂತವಾಗಿ ಕಂಡದ್ದು ಹೀಗೆ. ಥ್ರಾನ್ ಮಾತ್ರ ಹೊರಗಿಟ್ಟರೂ ಹೊರಗುಳಿಯಲಿಲ್ಲ: 2016ರಲ್ಲಿ ‘ರೆಬೆಲ್ಸ್’ ಅನಿಮೇಷನ್ ಸರಣಿಗೆ ಬಂದ, 2023ರಲ್ಲಿ ‘ಅಸೋಕಾ’ ಸರಣಿಯಲ್ಲಿ ಅದೇ ಲಾರ್ಸ್ ಮಿಕೆಲ್ಸನ್ ಅವರ ದನಿಯೊಂದಿಗೆ ಮುಖವನ್ನೂ ಪಡೆದ. 2021ರಿಂದ ಹಳೆಯ ಕಾದಂಬರಿಗಳು ಹೊಸ ಮುಖಪುಟದಲ್ಲಿ ಮರುಮುದ್ರಣವಾಗುತ್ತಿವೆಯಾದ್ದರಿಂದ ಜಾನ್ ಅವರ ಮೂರೂ ಸಂಪುಟಗಳನ್ನು ಒಂದೇ ಅಳತೆಯಲ್ಲಿ ಸೇರಿಸಿಕೊಳ್ಳಬಹುದು. ನಾನು ಆನ್‌ಲೈನ್ ಮಾರಾಟಗಾರರೊಬ್ಬರಿಂದ ಮೂರನ್ನೂ ತರಿಸಿದಾಗ ಎರಡನೆಯ ಸಂಪುಟವೇ ಎರಡು ಪ್ರತಿ ಬಂದಿತ್ತು, ಮೂರನೆಯದು ಬರಲಿಲ್ಲ. ಹಿಂದಿರುಗಿಸುವ ಗಡುವು ಮುಗಿದ ಮೇಲೆ ನೋಡಿಕೊಂಡೆ, ತಪ್ಪು ಅರ್ಧ ನನ್ನದೂ ಹೌದು. ಹೆಚ್ಚಾದ ಪ್ರತಿಯನ್ನು ಮೊದಲ ಸಂಪುಟದೊಂದಿಗೆ ಅಕ್ಕನ ಮಗನಿಗೆ ಕೊಟ್ಟೆ. ಅವನು ಎರಡನ್ನೂ ವಾರದೊಳಗೆ ಮುಗಿಸಿ, ‘ಮಾವ, ರುಖ್ ಏನು ಮಾಡ್ತಾನೆ?’ ಎಂದು ಕೇಳಿದ. ಮೂರನೆಯ ಸಂಪುಟ ನನಗೂ ಇನ್ನೊಂದು ತಿಂಗಳು ಕೈಸೇರಲಿಲ್ಲ.