ಭೋಗನಂದಿಯಿಂದ ಯೋಗನಂದಿಗೆ: ನಂದಿಬೆಟ್ಟದ ಓಟದ ಸುತ್ತು ಹೇಗಿದೆ?

ನಂದಿಬೆಟ್ಟಕ್ಕೆ ಓಡಲು ಹೋಗುವವರಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಒಂದೇ ದಾರಿ. ಬುಡದಲ್ಲಿ ಕಾರು ನಿಲ್ಲಿಸಿ, ಡಾಂಬರು ರಸ್ತೆ ಹಿಡಿದು ಮೇಲೆ ಹೋಗಿ, ಅದರಲ್ಲೇ ಇಳಿಯುವುದು. ಸೈಕಲ್ಲಿಗೆ ಅದು ಸರಿ. ಓಟಕ್ಕೆ ಅದಕ್ಕಿಂತ ಎಷ್ಟೋ ಒಳ್ಳೆಯ ದಾರಿ ಬೆಟ್ಟದ ಇನ್ನೊಂದು ಮಗ್ಗುಲಿನಲ್ಲಿದೆ: ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದಿಂದ ಹೊರಟು, ಸುಲ್ತಾನ್‌ಪೇಟೆಯ ಕಡೆಯಿಂದ ಕಲ್ಲಿನ ಮೆಟ್ಟಿಲು ಹತ್ತಿ, ಮೇಲೆ ಕೋಟೆ ಮತ್ತು ಕಾಡು ಸುತ್ತಿ, ವಾಹನದ ರಸ್ತೆಯಲ್ಲಿ ಇಳಿದು, ತೋಟಗಳ ನಡುವೆ ಮತ್ತೆ ನಂದಿ ಗ್ರಾಮ ಸೇರುವ ಸುತ್ತು. ಒಟ್ಟು ಸುಮಾರು 20 ಕಿ.ಮೀ., ಏರು 500 ಮೀಟರಿಗೂ ಹೆಚ್ಚು. ಬೆಂಗಳೂರಿನ ಆಸುಪಾಸಿನಲ್ಲಿ ಒಂದೇ ಬೆಳಿಗ್ಗೆ ಊರು, ಕಾಡು, ಕೋಟೆ, ಸಾವಿರ ವರ್ಷ ದಾಟಿದ ಗುಡಿ ಎಲ್ಲವೂ ಕಾಲಿಗೆ ಸಿಗುವ ಇಂಥ ಇನ್ನೊಂದು ಸುತ್ತು ಹುಡುಕುವುದು ಕಷ್ಟ.

ಮೆಟ್ಟಿಲನ್ನು ಹತ್ತಲು ಮಾತ್ರ ಬಳಸಿ, ಇಳಿಯಲು ಬೇಡ. ಈ ದಾರಿಯ ಬಗ್ಗೆ ನಾವು ಖಡಾಖಂಡಿತವಾಗಿ ಹೇಳುವ ಮಾತು ಇದೊಂದೇ. ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳಿವೆ, ಒಂದರ ಎತ್ತರ ಇನ್ನೊಂದಕ್ಕಿಲ್ಲ. ಕೆಲವು ಗೇಣುದ್ದ, ಕೆಲವು ಮೊಳದಷ್ಟು ಅಗಲ, ನಡುನಡುವೆ ಬರೀ ಬಂಡೆ. ಹತ್ತುವಾಗ ಈ ಏರುಪೇರು ಒಳ್ಳೆಯದೇ, ಒಂದೇ ಸ್ನಾಯುವಿನ ಮೇಲೆ ಭಾರ ಬೀಳುವುದಿಲ್ಲ. ಇಳಿಯುವಾಗ ಅದೇ ಏರುಪೇರು ಹೆಜ್ಜೆಯ ಲಯ ತಪ್ಪಿಸುತ್ತದೆ, ಮಂಡಿ ಮತ್ತು ಕಣಕಾಲು ಪೆಟ್ಟು ತಿನ್ನುತ್ತವೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಕಲ್ಲಿನ ಮೇಲೆ ಪಾಚಿ ಕಟ್ಟಿರುತ್ತದೆ. ಒದ್ದೆ ಪಾಚಿಯ ಮೇಲೆ ಎಂಥ ದುಬಾರಿ ಶೂ ಆದರೂ ನಿಲ್ಲುವುದಿಲ್ಲ.

ಮೆಟ್ಟಿಲನ್ನು ಓಡಿ ಹತ್ತುವ ಹಟವೂ ಬೇಡ. ಮೊದಲ ಇನ್ನೂರು ಮೆಟ್ಟಿಲು ಓಡಿದವರು ಮುಂದಿನ ಐನೂರರಲ್ಲಿ ಹತ್ತು ಸಲ ನಿಲ್ಲುತ್ತಾರೆ, ಕೊನೆಗೆ ನಡೆದವರಿಗಿಂತ ತಡವಾಗಿ ಮೇಲೆ ತಲುಪುತ್ತಾರೆ. ಅಂಗೈಯನ್ನು ತೊಡೆಯ ಮೇಲೆ ಒತ್ತಿ, ಸೊಂಟದಿಂದ ತುಸು ಮುಂದಕ್ಕೆ ಬಾಗಿ, ಪೂರ್ತಿ ಪಾದವನ್ನು ಕಲ್ಲಿನ ಮೇಲಿಟ್ಟು ಜೋರಾಗಿ ನಡೆಯಿರಿ. ತುದಿಗಾಲಲ್ಲೇ ಹತ್ತಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ಅದರ ಫಲ ಇಳಿಜಾರಿನಲ್ಲಿ ಗೊತ್ತಾಗುತ್ತದೆ. ಒಂದು ವಾಕ್ಯ ತಡೆಯಿಲ್ಲದೆ ಮಾತಾಡಲು ಆಗುವಷ್ಟು ಉಸಿರು ಉಳಿದಿರಬೇಕು. ಅಭ್ಯಾಸ ಇರುವವರಿಗೆ ಮುಕ್ಕಾಲು ಗಂಟೆ, ಹೊಸಬರಿಗೆ ಒಂದು ಗಂಟೆಯ ಮೇಲೆ ಹಿಡಿಯಬಹುದು. ಈ ಮಗ್ಗುಲಿನ ಕುರುಚಲು ಕಾಡಿನಲ್ಲಿ ಚಿರತೆಯ ಓಡಾಟವಿರುವುದರಿಂದ ಬೆಳಕು ಹರಿಯುವ ಮೊದಲು, ಅದರಲ್ಲೂ ಒಬ್ಬರೇ, ಹತ್ತಬೇಡಿ.

ಬೆಟ್ಟದ ತಲೆಯ ಮೇಲೆ, 1,478 ಮೀಟರ್ ಎತ್ತರದಲ್ಲಿ, ಗಾಳಿಯೇ ಬೇರೆ. ಕೆಳಗಿನ ಕುರುಚಲು ಹೋಗಿ ದೊಡ್ಡ ಮರಗಳ ನೆರಳು ಬರುತ್ತದೆ. ಕಾಂಡಕ್ಕೆಲ್ಲ ಹಾವಸೆ, ಎಲೆಯಿಂದ ಮಂಜಿನ ಹನಿ. ಮರಪಾರಿವಾಳ ನೋಡಲು ಕ್ಯಾಮೆರಾ ಹಿಡಿದು ನಿಂತವರು ಸಿಗುತ್ತಾರೆ, ಅವರ ಪಕ್ಕ ಧಡಧಡ ಓಡದೆ ನಡೆದು ದಾಟಿ. ಕೋಟೆಗೋಡೆ, ಅಮೃತ ಸರೋವರ, ಟಿಪ್ಪು ಡ್ರಾಪ್ ಎಂಬ ಪ್ರಪಾತದಂಚು, ಯೋಗನಂದೀಶ್ವರ ಗುಡಿ ಎಲ್ಲ ಸೇರಿಸಿ ಸುತ್ತಿದರೆ ಎರಡು ಮೂರು ಕಿ.ಮೀ. ಆಗುತ್ತದೆ. ಟಿಪ್ಪುವಿನ ಈ ಕೋಟೆಯನ್ನು 1791ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ ಹಿಡಿಯಿತು. ಮೆಟ್ಟಿಲು ಹತ್ತಿ ಬಂದ ಕಾಲಿಗೆ, ಇಂಥ ಕಡಿದಾದ ಬೆಟ್ಟಕ್ಕೆ ಫಿರಂಗಿ ಎಳೆದು ತರುವ ಕಷ್ಟ ಎಷ್ಟೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಗಾಂಧೀಜಿ 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ಬಂದು ತಂಗಿದ್ದೂ ಈ ಬೆಟ್ಟದ ಮೇಲೆಯೇ.

ಮೇಲೆ ಶೌಚಾಲಯ, ನೀರು, ಕಾಫಿ ಸಿಗುತ್ತವೆ. ಕೋತಿಗಳದ್ದು ಮಾತ್ರ ನಿಜವಾದ ಕಾಟ. ಪ್ಲಾಸ್ಟಿಕ್ ಕವರಿನ ಸದ್ದಾದರೆ ಸಾಕು, ಬಂದೇಬಿಡುತ್ತವೆ. ಬಾಳೆಹಣ್ಣು, ಜೆಲ್, ಚಿಕ್ಕಿ ಏನೇ ಇದ್ದರೂ ಜಿಪ್ಪು ಇರುವ ಜೇಬಿನಲ್ಲಿರಲಿ, ಮೆಟ್ಟಿಲು ಮುಗಿಯುವ ಮುಂಚೆಯೇ ತಿಂದುಬಿಡುವುದು ಇನ್ನೂ ಒಳ್ಳೆಯದು. ಪ್ರವೇಶಕ್ಕೆ ಟಿಕೆಟ್ ಇದೆ. ಗೇಟು ತೆರೆಯುವ ವೇಳೆ ಮತ್ತು ವಾರಾಂತ್ಯದ ನಿಯಮಗಳು ಆಗಾಗ ಬದಲಾಗುತ್ತವೆ, ಹಿಂದಿನ ದಿನವೇ ವಿಚಾರಿಸಿಕೊಳ್ಳಿ.

ಇಳಿಯುವ ರಸ್ತೆ ಸುಮಾರು ಎಂಟು ಕಿ.ಮೀ., ತುಂಬ ತಿರುವುಗಳು. ಸುತ್ತಿನಲ್ಲಿ ಹೆಚ್ಚು ಜನ ಕೆಡುವುದು ಇಲ್ಲೇ. ಹತ್ತಿದ ಖುಷಿಯಲ್ಲಿ ಉದ್ದುದ್ದ ಹೆಜ್ಜೆ ಹಾಕಿ, ಹಿಮ್ಮಡಿ ಊರಿ ಬ್ರೇಕು ಹಾಕುತ್ತ ಇಳಿಯುತ್ತಾರೆ. ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕಾಗುವುದರಿಂದ ಒಳಗೇ ಹರಿಯುತ್ತದೆ, ಎರಡು ದಿನ ಮನೆಯ ಮೆಟ್ಟಿಲು ಇಳಿಯಲೂ ಆಗುವುದಿಲ್ಲ. ಹೆಜ್ಜೆ ಗಿಡ್ಡವಾಗಿ, ಬೇಗಬೇಗ, ಸೊಂಟದ ನೇರ ಕೆಳಗೇ ಬೀಳಲಿ. ಇಳಿಯುವ ಮೊದಲು ಶೂ ಲೇಸನ್ನು ಮೇಲಿನ ಕೊನೆಯ ತೂತಿನವರೆಗೂ ಹಾಕಿ ಕಣಕಾಲಿನ ಹತ್ತಿರ ಬಿಗಿಯಾಗಿ ಕಟ್ಟಿ. ಪಾದ ಮುಂದಕ್ಕೆ ಜಾರಿದರೆ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ. ದಾರಿಯಲ್ಲಿ ಬಹುಪಾಲು ಡಾಂಬರೇ ಇರುವುದರಿಂದ ಅಟ್ಟೆ ಸವೆಯದ ರೋಡ್ ಶೂ ಸಾಕು.

ಎದುರು ಬರುವ ವಾಹನ ಕಾಣುವಂತೆ ರಸ್ತೆಯ ಬಲಗಡೆ ಓಡುವುದು ಸಾಮಾನ್ಯ ನಿಯಮ. ಆದರೆ ಬಲಕ್ಕೆ ತಿರುಗುವ ಕುರುಡು ತಿರುವಿನಲ್ಲಿ ಒಳಮಗ್ಗುಲಿಗೆ ಅಂಟಿಕೊಂಡರೆ ಮೇಲೆ ಬರುವ ಬೈಕಿನವರಿಗೆ ನೀವು ಕಾಣುವುದೇ ಇಲ್ಲ. ತಿರುವಿಗೆ ಮೊದಲೇ, ಎರಡೂ ಕಡೆ ನೋಡಿಕೊಂಡು, ಹೊರಮಗ್ಗುಲಿಗೆ ದಾಟಿ. ಶನಿವಾರ, ಭಾನುವಾರ ಸೂರ್ಯೋದಯ ನೋಡುವವರ ವಾಹನಗಳ ಸಾಲೇ ನಿಂತಿರುತ್ತದೆ, ಹೊಗೆಯಲ್ಲಿ ಓಡುವ ಸುಖವಿಲ್ಲ. ಮಂಗಳವಾರವೋ ಬುಧವಾರವೋ ಹೋದರೆ ಇದೇ ರಸ್ತೆಯಲ್ಲಿ ಹಕ್ಕಿಯ ಕೂಗು ಕೇಳುತ್ತದೆ. ಜೋರು ಮಳೆಯ ಮರುದಿನ ಮಾತ್ರ ದೂರವಿರಿ. 2021ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಯೇ ಕೊಚ್ಚಿಹೋಗಿ, ತಿಂಗಳುಗಟ್ಟಲೆ ಬೆಟ್ಟ ಮುಚ್ಚಿತ್ತು.

ಬುಡದಿಂದ ನಂದಿ ಗ್ರಾಮದವರೆಗಿನ ಐದಾರು ಕಿ.ಮೀ. ಸುತ್ತಿನ ದುರ್ಬಲ ಭಾಗ. ದ್ರಾಕ್ಷಿ ಚಪ್ಪರ, ಹೂವಿನ ತೋಟ ಕಣ್ಣಿಗೆ ಚೆಂದ, ನೆರಳು ಮಾತ್ರ ಇಲ್ಲ. ಒಂಬತ್ತು ಗಂಟೆ ದಾಟಿದರೆ ಬಿಸಿಲು ಸುಡುತ್ತದೆ, ಆದ್ದರಿಂದ ಬೆಳಕು ಹರಿಯುತ್ತಲೇ ಹೊರಡಬೇಕು. ಗಂಟೆಗೆ ಅರ್ಧ ಲೀಟರಿನ ಲೆಕ್ಕದಲ್ಲಿ ನೀರು ಹೊತ್ತುಕೊಳ್ಳಿ, ಬೆಟ್ಟದ ಮೇಲೊಮ್ಮೆ, ಬುಡದ ಅಂಗಡಿಯಲ್ಲೊಮ್ಮೆ ತುಂಬಿಸಿಕೊಳ್ಳಿ. ಬೆವರು ಹೆಚ್ಚಾಗಿ ಹೋಗುವವರು ಬುಡದಲ್ಲಿ ಬರೀ ನೀರು ಕುಡಿಯದೆ ಉಪ್ಪು ಹಾಕಿದ ಮಜ್ಜಿಗೆ ಕುಡಿದರೆ ಈ ಭಾಗ ಸಲೀಸು.

ಓಟ ಮುಗಿದ ಮೇಲೆ ದೇವಸ್ಥಾನಕ್ಕೆ ಅರ್ಧ ಗಂಟೆಯಾದರೂ ಕೊಡಿ. ಕ್ರಿ.ಶ. 806ರ ತಾಮ್ರಶಾಸನದಲ್ಲಿ ಈ ಶಿವಾಲಯದ ಪ್ರಸ್ತಾಪವಿದೆ. ಆಮೇಲೆ ಚೋಳ, ಹೊಯ್ಸಳ, ವಿಜಯನಗರದ ಕಾಲದಲ್ಲಿ ಬೆಳೆಯುತ್ತ ಬಂದಿದೆ. ಇದೇ ಆವರಣದ ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರ ವೈರಾಗ್ಯ ಎನ್ನುತ್ತಾರೆ ಊರವರು. ಮೇಲಿನ ಗುಡಿಯಲ್ಲಿ ಉತ್ಸವವಿಲ್ಲದಿರುವುದೂ ಅದಕ್ಕೇ. ದೇವಸ್ಥಾನದ ಕಲ್ಯಾಣಿಯಾದ ಶೃಂಗಿ ತೀರ್ಥದ ಮೆಟ್ಟಿಲ ಮೇಲೆ ಕೂತು ಕಾಲು ಚಾಚಿಕೊಳ್ಳಬಹುದು, ನೀರಿನಲ್ಲಿ ಕಾಲು ತೊಳೆಯುವುದು ಬೇಡ. ಒಳಗೆ ಹೋಗಲು ಒಣ ಟೀಶರ್ಟು, ಒಂದು ಪಂಚೆ ಅಥವಾ ಉದ್ದ ಪ್ಯಾಂಟು ಚೀಲದಲ್ಲಿರಲಿ. ಶಿವರಾತ್ರಿಯ ರಥೋತ್ಸವದ ಹೊತ್ತಿಗೆ ಊರಿಗೆ ಊರೇ ಸೇರುತ್ತದೆ, ಆಗ ಓಟಕ್ಕೆ ಬರಬೇಡಿ, ಜಾತ್ರೆಗೇ ಬನ್ನಿ.

ಬೆಟ್ಟ ಹತ್ತುವಷ್ಟು ತಯಾರಿ ಇಲ್ಲದವರಿಗೆ ನಂದಿ ಗ್ರಾಮದಿಂದ ಮುದ್ದೇನಹಳ್ಳಿ ಕಡೆಯ ಹಳ್ಳಿರಸ್ತೆ ಒಳ್ಳೆಯದು. ಒಂದು ಕಡೆಗೆ ನಾಲ್ಕೈದು ಕಿ.ಮೀ., ಹೆಚ್ಚು ಏರಿಳಿತವಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು ಅದು, ಅವರ ಮನೆ ಈಗ ವಸ್ತುಸಂಗ್ರಹಾಲಯ. ತೋಟದ ಮನೆಗಳ ನಾಯಿಗಳು ಬೊಗಳುತ್ತ ಬಂದರೆ ಓಟ ನಿಲ್ಲಿಸಿ ನಡೆಯಿರಿ, ಬಹುತೇಕ ಅಷ್ಟಕ್ಕೇ ಸುಮ್ಮನಾಗುತ್ತವೆ.

ಕಾರಿಲ್ಲದವರಿಗೆ ಚಿಕ್ಕಬಳ್ಳಾಪುರದ ಬಸ್ಸು ಅನುಕೂಲ, ಅಲ್ಲಿಂದ ನಂದಿಗೆ ಆಟೋ ಸಿಗುತ್ತದೆ. ನಂದಿ ಹಾಲ್ಟ್‌ನಲ್ಲಿ ರೈಲೂ ನಿಲ್ಲುತ್ತದೆ, ಆದರೆ ಗಾಡಿಗಳು ಕಡಿಮೆ. ವೇಳಾಪಟ್ಟಿ ನೋಡಿ, ಬಿಸಿಲೇರುವ ಮೊದಲು ಇಳಿಸುವ ಗಾಡಿ ಇಲ್ಲದಿದ್ದರೆ ಬರುವಾಗ ಬಸ್ಸು, ಹಿಂದಿರುಗುವಾಗ ರೈಲು ಎಂದು ಇಟ್ಟುಕೊಳ್ಳಿ.