ಅರ್ಧ ಬೆಲೆಯ ‘ಡಿಲಕ್ಸ್’ ಟೋಲ್ಕಿನ್ ಸೆಟ್: ಕೊಳ್ಳುವ ಮುಂಚೆ ಇದನ್ನು ಓದಿ

ಟೋಲ್ಕಿನ್ ಅವರ ಮೂರು ಸಂಪುಟಗಳ ಕಾದಂಬರಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ ಗಟ್ಟಿ ರಟ್ಟಿನ ಒಳ್ಳೆಯ ಪ್ರತಿ ಹುಡುಕುತ್ತಿರುವವರು ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಕಾಣುವ ‘ಇಂಪೋರ್ಟೆಡ್ ಡಿಲಕ್ಸ್’ ಸೆಟ್‌ಗಳನ್ನು ನಂಬಬೇಡಿ. ನಮ್ಮ ಮನೆಗೆ ಬಂದದ್ದು ಅಪ್ಪಟ ನಕಲಿ.

ಅಕ್ಕನ ಮಗಳು ಪಿಯುಸಿ ಪಾಸಾದದ್ದಕ್ಕೆ ಉಡುಗೊರೆಯಾಗಿ ತರಿಸಿದ್ದೆ. ಮಾರಾಟಗಾರ ಹಾಕಿದ್ದ ಫೋಟೋ ಅಸಲಿ ಪುಸ್ತಕದ್ದು. ಬಂದ ಸೆಟ್ಟಿನ ಪೆಟ್ಟಿಗೆ, ಹೊದಿಕೆ ನೋಡಿದರೂ ಅನುಮಾನ ಬರುವಂತಿರಲಿಲ್ಲ. ಪುಟ ತಿರುವಿ ನಕಲಿಯೆಂದು ಪತ್ತೆ ಹಚ್ಚಿದವಳು ಅವಳೇ. “ಮಾಮ, ಉಂಗುರದ ಮೇಲಿನ ಬರಹ ಇಲ್ಲಿರಬೇಕಿತ್ತಲ್ವಾ? ಇದೇನು, ಮಸಿ ಚೆಲ್ಲಿದ ಹಾಗಿದೆ?” ಮೊದಲ ಸಂಪುಟದ ಎರಡನೇ ಅಧ್ಯಾಯದಲ್ಲಿ ಮಾಂತ್ರಿಕ ಗ್ಯಾಂಡಾಲ್ಫ್ ಉಂಗುರವನ್ನು ಬೆಂಕಿಗೆ ಎಸೆದ ಮೇಲೆ ಅಕ್ಷರಗಳು ಮೂಡುವ ಜಾಗ ಅದು. ಟೋಲ್ಕಿನ್ ತಾವೇ ರೂಪಿಸಿದ ಲಿಪಿಯ ಎರಡು ಸಾಲು ಅಲ್ಲಿ ತೆಳುವಾಗಿ ಬಳುಕುತ್ತಾ ಸಾಗುತ್ತವೆ. ನಮ್ಮ ಪ್ರತಿಯಲ್ಲಿ ಎರಡು ಕಪ್ಪು ಪಟ್ಟಿ ಅಷ್ಟೇ. ಯಾವುದೋ ಪ್ರತಿಯನ್ನು ಸ್ಕ್ಯಾನ್ ಮಾಡಿ ಹಾಗೇ ಅಚ್ಚು ಹಾಕಿದ್ದಾರೆ. ಪುಟಗಳು ವಾಲಿವೆ, ಸಾಲುಗಳ ತುದಿ ಅಂಟಿನೊಳಗೆ ಹೂತುಹೋಗಿದೆ, ನಕ್ಷೆಯಲ್ಲಿ ಒಂದು ಊರಿನ ಹೆಸರೂ ಓದಲಾಗದು.

ಹೊಟ್ಟೆ ಉರಿದದ್ದು ಮೂರನೇ ಸಂಪುಟ ನೋಡಿದಾಗ. ಅನುಬಂಧಗಳೇ ಇಲ್ಲ! ಅಸಲಿಯಲ್ಲಿ ‘ಎ’ಯಿಂದ ‘ಎಫ್’ವರೆಗೆ ಆರು ಇವೆ. ಮನುಷ್ಯನಾದ ಅರಗಾರ್ನ್ ಮತ್ತು ಸಾವಿಲ್ಲದ ಎಲ್ಫ್ ಕುಲದ ಆರ್ವೆನ್ ಪ್ರೀತಿಸಿದ ಕಥೆ, ಅಮರತ್ವ ಬಿಟ್ಟುಕೊಟ್ಟ ಆಕೆಗೆ ಕೊನೆಗೆ ಏನಾಯಿತೆಂಬುದು ಮೊದಲ ಅನುಬಂಧದಲ್ಲಿದೆ. ಹೊಸದಾಗಿ ಓದುವವರಿಗೆ ಅಂಥದ್ದೊಂದು ಇತ್ತೆಂದೇ ಗೊತ್ತಾಗುವುದಿಲ್ಲ. ಕಾಗದ ಕಳಪೆಯಾದರೆ ಸಹಿಸಿಕೊಂಡೇವು, ಕಥೆಯನ್ನೇ ಕತ್ತರಿಸಿ ಮಾರುವುದು ಅನ್ಯಾಯ.

ಮಾರಾಟಗಾರನಿಗೆ ಬರೆದರೆ “ಪ್ರಿಂಟಿಂಗ್ ಸ್ವಲ್ಪ ಹೆಚ್ಚುಕಡಿಮೆ ಆಗಿರುತ್ತೆ ಸರ್” ಎಂಬ ಉತ್ತರ. ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿಕೊಂಡಿದ್ದರಿಂದ ತಾಣದವರು ಕೊನೆಗೆ ಹಣ ವಾಪಸ್ ಕೊಟ್ಟರು. ನೀವೂ ವಿಡಿಯೋ ಮಾಡುವುದನ್ನು ತಪ್ಪಿಸಬೇಡಿ.

‘ಹಳೇ ಪುಸ್ತಕ, ಕಾಪಿರೈಟ್ ಮುಗಿದಿದೆ’ ಎಂದು ಕೆಲವರು ಸಮಜಾಯಿಷಿ ಕೊಡುತ್ತಾರೆ. ಅದು ಸುಳ್ಳು. ನಮ್ಮ 1957ರ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಟೋಲ್ಕಿನ್ ತೀರಿಕೊಂಡದ್ದು 1973ರಲ್ಲಿ, ಹಾಗಾಗಿ 2033 ಮುಗಿಯುವವರೆಗೂ ಹಕ್ಕು ಇದೆ. ಈ ಪುಸ್ತಕಕ್ಕೆ ಇಂಥ ಕಾಟ ಹೊಸದೂ ಅಲ್ಲ. 1965ರಲ್ಲಿ ಅಮೆರಿಕದ ಪ್ರಕಾಶನ ಸಂಸ್ಥೆ ಏಸ್ ಬುಕ್ಸ್ ಅಲ್ಲಿನ ಕಾನೂನಿನ ಸಂದಿ ಹಿಡಿದು, ಲೇಖಕರನ್ನು ಕೇಳದೆ 75 ಸೆಂಟ್‌ಗೆ ಪೇಪರ್‌ಬ್ಯಾಕ್ ತಂದಿತ್ತು. ಅದೇ ವರ್ಷ ಇನ್ನೊಂದು ಪ್ರಕಾಶನವಾದ ಬ್ಯಾಲಂಟೈನ್‌ನ ಅಧಿಕೃತ ಆವೃತ್ತಿ 95 ಸೆಂಟ್‌ಗೆ ಬಂತು. ಬದುಕಿರುವ ಲೇಖಕರ ಮೇಲೆ ಮರ್ಯಾದೆ ಇರುವವರು ಇದನ್ನೇ ಕೊಳ್ಳಲಿ ಎಂದು ಟೋಲ್ಕಿನ್ ಅದರ ಹಿಂಬದಿಯಲ್ಲಿ ಕೇಳಿಕೊಂಡರು. ಓದುಗರು ಅವರ ಪರ ನಿಂತರು. ಏಸ್ ಕೊನೆಗೆ ಗೌರವಧನ ಕೊಟ್ಟು, ಮರುಮುದ್ರಣ ಕೈಬಿಟ್ಟಿತು.

ಕೊಳ್ಳುವುದಾದರೆ ಅಧಿಕೃತ ಪ್ರಕಾಶಕರಾದ ಹಾರ್ಪರ್‌ಕಾಲಿನ್ಸ್‌ನದನ್ನೇ ಕೊಳ್ಳಿ. ಪುಸ್ತಕ ಹೊರಬಂದ 50ನೇ ವರ್ಷಕ್ಕೆಂದು ಟೋಲ್ಕಿನ್ ತಜ್ಞರಾದ ವೇಯ್ನ್ ಹ್ಯಾಮಂಡ್ ಮತ್ತು ಕ್ರಿಸ್ಟಿನಾ ಸ್ಕಲ್ 2004ರಲ್ಲಿ ಪಠ್ಯವನ್ನು ಪರಿಷ್ಕರಿಸಿದರು, 2005ರಲ್ಲಿ ಇನ್ನಷ್ಟು ತಪ್ಪು ತಿದ್ದಿದರು. ಪೀಠಿಕೆಯಲ್ಲಿ ಇದರ ಉಲ್ಲೇಖ ಇದೆಯೇ ನೋಡಿ. ಮೂರೂ ಸೇರಿ ಒಂದೇ ಸಂಪುಟವಾಗಿ ಬರುವ ಪ್ರತಿ ಸಾವಿರ ಪುಟ ದಾಟುವುದರಿಂದ ಬರೀ ಅಂಟು ಹಾಕಿದ್ದು ಬಾಳಿಕೆ ಬರುವುದಿಲ್ಲ, ಬೆನ್ನು ಬಿರಿಯುತ್ತದೆ. ಹೊಲಿಗೆ ಬೈಂಡಿಂಗ್ ಆದರೆ ಪುಸ್ತಕದ ಮೇಲ್ತುದಿಯಲ್ಲಿ ಹಾಳೆಗಳು ಕಂತೆಕಂತೆಯಾಗಿ ಮಡಚಿರುವುದು ಕಾಣುತ್ತದೆ. ‘ಡಿಲಕ್ಸ್’ ಎಂದು ಬರೆದ ಮಾತ್ರಕ್ಕೆ ಹೊಲಿಗೆ ಇರಲೇಬೇಕೆಂದಿಲ್ಲ. ‘ಭಾರತ ಉಪಖಂಡದಲ್ಲಿ ಮಾತ್ರ ಮಾರಾಟಕ್ಕೆ’ ಎಂದಿದ್ದರೆ ಗಾಬರಿ ಬೇಡ, ಪ್ರಕಾಶಕರೇ ಇಲ್ಲಿಗೆಂದು ಕಡಿಮೆ ಬೆಲೆಗೆ ತರುವ ಆವೃತ್ತಿಗಳಲ್ಲಿ ಹಾಗೆ ಇರುತ್ತದೆ.

ಬೆಂಗಳೂರಿನವರಾದರೆ ಚರ್ಚ್ ಸ್ಟ್ರೀಟ್‌ನ ಪುಸ್ತಕದಂಗಡಿಗಳಿಗೆ ಹೋಗಿ, ಉಂಗುರದ ಬರಹ, ನಕ್ಷೆ, ಅನುಬಂಧ ಈ ಮೂರನ್ನೂ ತೆರೆದು ನೋಡಿ ದುಡ್ಡು ಕೊಡಿ. ಆನ್‌ಲೈನ್ ಬಿಟ್ಟರೆ ದಾರಿಯಿಲ್ಲದವರು ಮಾರಾಟಗಾರನಿಂದ ಇದೇ ಪುಟಗಳ ಫೋಟೋ ಕೇಳಿ, ಕೊಡಲು ಸತಾಯಿಸಿದರೆ ಆರ್ಡರ್ ಮಾಡಬೇಡಿ. ನಮಗೆ ಕಳಿಸಿದವನ ಫೋಟೋಗಳು ಈಗ ಬೇರೊಂದು ಅಂಗಡಿಯ ಹೆಸರಿನಲ್ಲಿ ಕಾಣಿಸುತ್ತಿವೆ, ದೂರು ಕೊಟ್ಟಿದ್ದೇನೆ.