ಮಗುವಿನ ದನಿ ವಾರಗಟ್ಟಲೆ ಗೊಗ್ಗರಾಗಿದ್ದರೆ ‘ವೀಜಿಂಗ್’ ಅಂತ ಸುಮ್ಮನಿರಬೇಡಿ

ಅಕ್ಕನ ಮಗಳಿಗೆ ಮೂರು ವರ್ಷ ತುಂಬುವ ಹೊತ್ತಿಗೆ ದನಿ ಗೊಗ್ಗರಾಗಿತ್ತು. ಶೀತವಿಲ್ಲ, ಜ್ವರವಿಲ್ಲ. ಅತ್ತರೆ ಬರೀ ಗಾಳಿ ಬರುತ್ತಿತ್ತು, ಸದ್ದೇ ಇಲ್ಲ. ತೋರಿಸುತ್ತಿದ್ದ ಕ್ಲಿನಿಕ್‌ನಲ್ಲಿ “ವೀಜಿಂಗ್ ಕಣಮ್ಮ, ದೊಡ್ಡವಳಾಗ್ತಾ ಸರಿಹೋಗುತ್ತೆ” ಅಂದರು ಡಾಕ್ಟರು. ವೀಜಿಂಗ್ ಅಂದರೆ ಉಸಿರಾಡುವಾಗ ಎದೆಯಲ್ಲಿ ಸುಯ್ಯೆನ್ನುವುದು. ನೆಬ್ಯುಲೈಸರ್, ಇನ್‌ಹೇಲರ್, ಸ್ಟೀರಾಯ್ಡ್ ಸಿರಪ್, ತಿಂಗಳುಗಟ್ಟಲೆ ಇದೇ. “ಸಾರ್, ದನಿ ಯಾಕೆ ಹೀಗಿದೆ?” ಅಂತ ಅಕ್ಕ ಹೋದಾಗಲೆಲ್ಲ ಕೇಳಿದಳು. ಇಎನ್‌ಟಿ ಹತ್ತಿರ ಒಮ್ಮೆ ತೋರಿಸಿ ಅನ್ನುವ ಮಾತು ಆ ಬಾಯಿಂದ ಬರಲಿಲ್ಲ. ನನಗೆ ಇವತ್ತಿಗೂ ಸಿಟ್ಟಿರುವುದು ಅದಕ್ಕೇ.

ಆಮೇಲೆ ಮಲಗಿದಾಗ ಸದ್ದು ಶುರುವಾಯಿತು. ಉಸಿರೆಳೆದಾಗಲೆಲ್ಲ ಕೀರಲು ಸದ್ದು, ಜೊತೆಗೆ ಕತ್ತಿನ ಬುಡದ ಗುಳಿ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು. ಇದನ್ನು ಗಮನಿಸಿ: ಅಸ್ತಮಾದ ಸುಯ್ಯೆನ್ನುವ ಸದ್ದು ಹೆಚ್ಚಾಗಿ ಉಸಿರು ಬಿಡುವಾಗ ಕೇಳಿಸುತ್ತದೆ. ಧ್ವನಿಪೆಟ್ಟಿಗೆಯ ಹತ್ತಿರ ದಾರಿ ಕಟ್ಟಿದ್ದರೆ ಸಾಮಾನ್ಯವಾಗಿ ಉಸಿರು ಎಳೆದುಕೊಳ್ಳುವಾಗ.

ಬೇರೆ ಊರಿನ ಇಎನ್‌ಟಿ ವೈದ್ಯರು ಮೂಗಿನಿಂದ ತೆಳ್ಳನೆಯ ಸ್ಕೋಪ್, ಅಂದರೆ ಕ್ಯಾಮೆರಾ ಇರುವ ಕೊಳವೆ, ಇಳಿಸಿದರು. ಕೆಲವೇ ನಿಮಿಷದ ಕೆಲಸ. ಎರಡೂ ಧ್ವನಿತಂತುಗಳ ಮೇಲೆ ಹಿಪ್ಪುನೇರಳೆ ಹಣ್ಣಿನಂಥ ಗೊಂಚಲು, ಉಸಿರಿಗೆ ಉಳಿದಿದ್ದು ಸಣ್ಣ ಸೀಳು. ಹೆಸರು ಪ್ಯಾಪಿಲೋಮಾ. ಕ್ಯಾನ್ಸರ್ ಅಲ್ಲ, ಹಾಗೆ ತಿರುಗುವುದೂ ಅಪರೂಪ. ಆದರೆ ತೆಗೆದರೂ ಮತ್ತೆ ಬೆಳೆಯುವ ಜಾತಿ. ಆಪರೇಷನ್ ಆಯಿತು, ಮತ್ತೆ ಬೆಳೆಯಿತು, ಮತ್ತೆ ಆಯಿತು. ಇನ್ನೂ ತಡವಾಗಿದ್ದರೆ ಕುತ್ತಿಗೆಗೆ ತೂತು ಮಾಡಿ ಕೊಳವೆ ಹಾಕಬೇಕಾಗುತ್ತಿತ್ತಂತೆ. ಹಾಗೆ ಮಾಡಿದರೆ ಗಡ್ಡೆ ಶ್ವಾಸನಾಳದ ಕೆಳಭಾಗಕ್ಕೂ ಹರಡಬಹುದೆಂದು ವೈದ್ಯರು ಆದಷ್ಟು ತಪ್ಪಿಸುತ್ತಾರೆ.

ಇದಕ್ಕೆ ಕಾರಣ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ) ವೈರಸ್ಸು, ಅದರಲ್ಲೂ 6 ಮತ್ತು 11ನೇ ಬಗೆ. ದೊಡ್ಡವರಲ್ಲಿ ಇದು ಹೆಚ್ಚಾಗಿ ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಮಕ್ಕಳಿಗೆ ಹೆಚ್ಚಾಗಿ ಹೆರಿಗೆ ಹೊತ್ತಿನಲ್ಲಿ ತಾಯಿಯಿಂದ ಬರುತ್ತದೆ. ಇದು ಗೊತ್ತಾದ ಮೇಲೆ ನೆಂಟರಲ್ಲಿ ಕೆಲವರು ಅಕ್ಕನ ಬಗ್ಗೆ ಆಡಿದ ಮಾತು ಬರೆಯಲು ಮನಸ್ಸಿಲ್ಲ. ಈ ವೈರಸ್ಸು ತೀರಾ ಸಾಮಾನ್ಯ, ಬಹುತೇಕರಿಗೆ ಬಂದದ್ದೂ ಹೋದದ್ದೂ ತಿಳಿಯುವುದಿಲ್ಲ. ಗಂಡನಿಂದಲೂ ಬಂದಿರಬಹುದು. ಹೆತ್ತವಳ ನಡತೆಗೆ ಇದನ್ನು ತಳಕು ಹಾಕಬೇಡಿ, ಅವಳ ಹೊಟ್ಟೆ ಉರಿಸಬೇಡಿ.

2007ರಲ್ಲಿ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಶುರುಮಾಡಿದ ಆಸ್ಟ್ರೇಲಿಯಾದಲ್ಲಿ ಮಕ್ಕಳ ಈ ಕಾಯಿಲೆ ತುಂಬಾ ಇಳಿದಿದೆ. ನಮ್ಮಲ್ಲಿ 2023ರಲ್ಲಿ ಬಂದ ಎಚ್‌ಪಿವಿ ಲಸಿಕೆ ಸರ್ವಾವ್ಯಾಕ್ ಕೂಡ 6, 11ನೇ ಬಗೆಗಳನ್ನು ತಡೆಯುತ್ತದೆ. ಮಗಳಿಗೆ ಹಾಕಿಸುವಾಗ ಲಸಿಕೆ ಈ ಎರಡೂ ಬಗೆಯನ್ನು ತಡೆಯುತ್ತದೆಯೇ ಅಂತ ಕೇಳಿ.

ದನಿ ಮೂರ್ನಾಲ್ಕು ವಾರವಾದರೂ ತಿಳಿಯಾಗದಿದ್ದರೆ ಇಎನ್‌ಟಿ ಹತ್ತಿರ ಹೋಗಿ “ಸ್ಕೋಪ್ ಹಾಕಿ ನೋಡಿ” ಅಂತ ಬಾಯಿಬಿಟ್ಟು ಕೇಳಿ. ಮಲಗಿದಾಗಿನ ಉಸಿರಿನ ವಿಡಿಯೋ ಮೊಬೈಲ್‌ನಲ್ಲಿ ಹಿಡಿದು ತೋರಿಸಿ. ಕತ್ತಿನ ಗುಳಿ ಒಳಕ್ಕೆ ಹೋಗುತ್ತಿದ್ದರೆ ಮಾತ್ರ ಬೆಳಗಾಗಲಿ ಅನ್ನಬೇಡಿ, ಆಗಲೇ ದೊಡ್ಡಾಸ್ಪತ್ರೆಗೆ ಹೊರಡಿ.